ಗಡಹಿಂಗ್ಲಜದ ರೋಗಿ, ಎರಡು ರಾಜ್ಯಗಳ ಲೆಕ್ಕ

ಗಡಹಿಂಗ್ಲಜದಲ್ಲಿ ಯಾರಿಗಾದರೂ ಒಮ್ಮೆಲೇ ತಲೆ ಸಿಡಿಯುವಂಥ ನೋವು ಬಂದು, ವಾಂತಿಯಾಗಿ, ಎಚ್ಚರ ತಪ್ಪಿತೆನ್ನಿ. ಮನೆಯವರ ಮುಂದೆ ಎರಡು ದಾರಿಗಳಿವೆ. ಒಂದು ಕೊಲ್ಹಾಪುರಕ್ಕೆ, ಇನ್ನೊಂದು ಸಂಕೇಶ್ವರದ ಮೇಲೆ ಹಾಯ್ದು ಬೆಳಗಾವಿಗೆ. ದೂರದಲ್ಲಿ ಹೇಳಿಕೊಳ್ಳುವಂಥ ಫರಕಿಲ್ಲ. ಕನ್ನಡ ಮಾತಾಡುವ ಮನೆಯಾದರೆ ಬೆಳಗಾವಿಯಲ್ಲಿ ನೆಂಟರಿರುತ್ತಾರೆ, ಡಾಕ್ಟರರ ಹತ್ತಿರ ಬಾಯಿ ತುಂಬ ಮಾತಾಡಬಹುದು. ಆದರೆ ಸರ್ಕಾರಿ ಯೋಜನೆಯ ಚಿಕಿತ್ಸೆಗೆ ತೋರಿಸಬೇಕಾದ ರೇಶನ್ ಕಾರ್ಡ್ ಮಹಾರಾಷ್ಟ್ರದ್ದು. ಅದು ಯಾವ ಆಸ್ಪತ್ರೆಯ ಕೌಂಟರಿನಲ್ಲಿ ನಡೆಯುತ್ತದೆ, ಯಾವ ಚಿಕಿತ್ಸೆಗೆ ನಡೆಯುತ್ತದೆ ಎಂದು ಆ ಗಳಿಗೆಯಲ್ಲಿ ಹೇಳುವವರು ಯಾರೂ ಇರುವುದಿಲ್ಲ. ಇದನ್ನು ಮೊದಲೇ ತಿಳಿಸಿಡುವುದು ಎರಡೂ ಸರ್ಕಾರಗಳ ಹೊಣೆ. ಎರಡೂ ಅದನ್ನು ಸರಿಯಾಗಿ ಹೊತ್ತಿಲ್ಲ ಎಂಬುದು ನನ್ನ ತಕರಾರು.

ಮೆದುಳಿನ ರಕ್ತನಾಳದ ಗೋಡೆ ಒಂದೆಡೆ ಸಡಿಲಾಗಿ ಗುಳ್ಳೆಯಂತೆ ಉಬ್ಬುವುದಕ್ಕೆ ಅನ್ಯೂರಿಸಂ ಎನ್ನುತ್ತಾರೆ. ಅದು ಒಡೆದಾಗ ಬರುವ ನೋವೇ ಮೇಲೆ ಹೇಳಿದ್ದು. ಒಮ್ಮೆ ಒಡೆದದ್ದು ಮತ್ತೆ ಒಡೆಯುವ ಭಯ ಮೊದಲ 24 ಗಂಟೆಗಳಲ್ಲೇ ಹೆಚ್ಚು. ಚಿಕಿತ್ಸೆ ಎರಡು ಬಗೆ. ತಲೆಬುರುಡೆ ತೆರೆದು ಉಬ್ಬಿನ ಬುಡಕ್ಕೆ ಲೋಹದ ಕ್ಲಿಪ್ ಹಾಕುವುದು ಹಳೆಯದು. ಅಮೆರಿಕದ ವಾಲ್ಟರ್ ಡ್ಯಾಂಡಿ 1937ರಲ್ಲಿ ಅದನ್ನು ಮೊದಲು ಮಾಡಿ ತೋರಿಸಿದರು. ತೊಡೆಯ ಸಂದಿಯ ರಕ್ತನಾಳದಿಂದ ಸಣ್ಣ ನಳಿಕೆ ಏರಿಸಿ, ಉಬ್ಬಿನೊಳಗೆ ಪ್ಲಾಟಿನಂ ಎಳೆಯ ಸುರುಳಿ ತುಂಬುವ ಕಾಯಿಲಿಂಗ್ ಬಂದದ್ದು 1990ರ ದಶಕದಲ್ಲಿ. ಯಾರಿಗೆ ಯಾವುದು ಒಳ್ಳೆಯದು ಎಂಬುದನ್ನು ಉಬ್ಬಿನ ಜಾಗ, ಆಕಾರ, ರೋಗಿಯ ವಯಸ್ಸು ನೋಡಿ ಡಾಕ್ಟರರು ತೀರ್ಮಾನಿಸುತ್ತಾರೆ. ಆ ತೀರ್ಮಾನದ ಬೆನ್ನಿಗೇ ಒಂದು ಕೋಡ್ ಅಂಟಿಕೊಳ್ಳುತ್ತದೆ. ದುಡ್ಡಿನ ಕಥೆ ಶುರುವಾಗುವುದು ಅಲ್ಲಿಂದ.

ರೋಗದ ಕೋಡ್ ಜಗತ್ತಿಗೆಲ್ಲ ಹೆಚ್ಚುಕಡಿಮೆ ಒಂದೇ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಒಡೆದ ಅನ್ಯೂರಿಸಂನ ರಕ್ತಸ್ರಾವಕ್ಕೆ ಐ 60. ಯಾವ ರಕ್ತನಾಳ ಎಂಬುದರ ಮೇಲೆ ಮುಂದಿನ ಅಂಕಿ ಬದಲಾಗುತ್ತದೆ. ಒಡೆಯದೆ ಇರುವ ಉಬ್ಬಿಗೆ ಐ 67.1. ಮೊದಲನೆಯದು ತುರ್ತು, ಎರಡನೆಯದನ್ನು ದಿನ ಗೊತ್ತುಮಾಡಿ ಮಾಡಬಹುದು. ಬರೆಯುವವರ ಕೈತಪ್ಪಿನಿಂದ ಮೊದಲನೆಯದರ ಜಾಗದಲ್ಲಿ ಎರಡನೆಯದು ಕೂತರೆ ಸಾಕು, ತುರ್ತು ಕೇಸಿನ ಕಾಗದ ಪ್ರಶ್ನೆಗಳ ಸರದಿಯಲ್ಲಿ ನಿಲ್ಲುತ್ತದೆ. ಬೆಂಗಳೂರಿನ ಕಚೇರಿಗಳಲ್ಲಿ ಕೂತು ನಮ್ಮ ಎಷ್ಟೋ ಹುಡುಗ ಹುಡುಗಿಯರು ಅಮೆರಿಕದ ಆಸ್ಪತ್ರೆಗಳ ಬಿಲ್ಲುಗಳಿಗೆ ಕೋಡ್ ಹಾಕುತ್ತಾರೆ. ಅಲ್ಲಿ ಚಿಕಿತ್ಸೆಗೂ ಕೋಡ್ ಇದೆ: ಸರಳ ಕ್ಲಿಪ್ಪಿಂಗ್‌ಗೆ 61700, ಕಾಯಿಲಿಂಗ್‌ಗೆ 61624. ಪರೀಕ್ಷೆ ಪಾಸು ಮಾಡಿ ಕಲಿಯುವ ಕೆಲಸ ಅದು. ಅಷ್ಟು ಕಲಿತ ಒಂದು ಜೀವ ನಮ್ಮ ಜಿಲ್ಲೆಯ ಪ್ರತಿಯೊಂದು ದೊಡ್ಡ ಆಸ್ಪತ್ರೆಯಲ್ಲೂ ರೋಗಿಯ ಪರವಾಗಿ ಕೂರುವಂತಾಗಬೇಕು.

ಇನ್ನು ಪ್ಯಾಕೇಜಿನ ಕೋಡ್, ಅಂದರೆ ಒಂದೊಂದು ಚಿಕಿತ್ಸೆಗೆ ಸರ್ಕಾರಿ ಯೋಜನೆ ಗೊತ್ತುಮಾಡಿದ ದರದ ಕೋಡ್. ಇದು ಆಯಾ ಯೋಜನೆಯ ಸ್ವಂತದ್ದು. ಕೇಂದ್ರದ ಆಯುಷ್ಮಾನ್ ಭಾರತ್ 2018ರ ಸೆಪ್ಟೆಂಬರಿನಲ್ಲಿ ಶುರುವಾದಾಗ ಕ್ಲಿಪ್ಪಿಂಗ್ ನರಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿತ್ತು, ಕಾಯಿಲಿಂಗ್ ಇಂಟರ್ವೆನ್ಷನಲ್ ನ್ಯೂರೋರೇಡಿಯಾಲಜಿ ಎಂಬ ಬೇರೆ ಪಟ್ಟಿಯಲ್ಲಿತ್ತು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವುದೂ ವಿಭಾಗವಾರು. ಹಾಗಾಗಿ “ಯೋಜನೆ ನಮ್ಮಲ್ಲಿದೆ” ಎಂದು ಬೋರ್ಡ್ ಹಾಕಿದ ಆಸ್ಪತ್ರೆಯಲ್ಲೂ ನಿಮಗೆ ಬೇಕಾದ ಚಿಕಿತ್ಸೆಗೆ ಯೋಜನೆ ಇಲ್ಲದಿರಬಹುದು. ಆ ಪಟ್ಟಿಯ ಕಾಯಿಲಿಂಗ್ ದರದಲ್ಲಿ ಮೊದಲ ಮೂರು ಕಾಯಿಲ್‌ಗಳ ಬೆಲೆ ಸೇರಿತ್ತು. ನಾಲ್ಕನೆಯದರಿಂದ ಪ್ರತಿಯೊಂದಕ್ಕೂ ಬೇರೆ ದರ. ಆ ಹೆಚ್ಚಿನ ಕಾಯಿಲ್ ಅರ್ಜಿಯಲ್ಲಿ ಬರೆಯದೆ ಬಿಟ್ಟುಹೋದರೆ ಆಸ್ಪತ್ರೆಗೆ ಹಣ ಬರುವುದಿಲ್ಲ, ಆ ಭಾರ ಕೊನೆಗೆ ಮನೆಯವರ ಕಡೆ ಜಾರುವ ಅಪಾಯ ಇದ್ದೇ ಇದೆ.

ಮಹಾರಾಷ್ಟ್ರ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವಲ್ಲ. 2012ರ ಜುಲೈಯಲ್ಲಿ ಎಂಟು ಜಿಲ್ಲೆಗಳಲ್ಲಿ ಶುರುವಾದ ಜೀವನದಾಯಿ ಯೋಜನೆಯೇ ಈಗ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ. ಆರಂಭದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ಇದ್ದದ್ದು ಐದು ಲಕ್ಷಕ್ಕೆ ಏರಿದೆ. ಹಳದಿ, ಕೇಸರಿ ಕಾರ್ಡಿನವರ ಜೊತೆ ಬಿಳಿ ಕಾರ್ಡಿನವರನ್ನೂ ಸೇರಿಸುವ ತೀರ್ಮಾನ 2023ರಲ್ಲಿ ಆಯಿತು. ಕೊಲ್ಹಾಪುರದಲ್ಲಿ ಸಿಪಿಆರ್ ಎಂದೇ ಜನ ಕರೆಯುವ ಛತ್ರಪತಿ ಪ್ರಮಿಳಾರಾಜೆ ಸರ್ಕಾರಿ ಆಸ್ಪತ್ರೆ ಇದೆ, ಕಣೇರಿ ಮಠದ ಸಿದ್ಧಗಿರಿ ಆಸ್ಪತ್ರೆಯಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಧರ್ಮಾದಾಯ ಆಸ್ಪತ್ರೆಗಳು ಹತ್ತರಲ್ಲೊಂದು ಹಾಸಿಗೆಯನ್ನು ಕಡುಬಡವರಿಗೆ ಪುಕ್ಕಟೆ, ಇನ್ನೊಂದನ್ನು ದುರ್ಬಲರಿಗೆ ರಿಯಾಯಿತಿಯಲ್ಲಿ ಕೊಡಬೇಕೆಂದು ಆ ರಾಜ್ಯದ ಕಾನೂನೇ ಹೇಳುತ್ತದೆ.

ತೊಡಕು ಇರುವುದು ಗಡಿಯಲ್ಲಿ. ಕೇಂದ್ರದ ಪಟ್ಟಿಯಲ್ಲಿರುವ ಕುಟುಂಬ ಆಯುಷ್ಮಾನ್ ಕಾರ್ಡ್ ಹಿಡಿದು ದೇಶದ ಯಾವ ಮಾನ್ಯ ಆಸ್ಪತ್ರೆಗಾದರೂ ಹೋಗಬಹುದು. ರಾಜ್ಯ ತನ್ನ ಖರ್ಚಿನಲ್ಲಿ ಸೇರಿಸಿಕೊಂಡ ಕುಟುಂಬಕ್ಕೆ ಆ ಹಕ್ಕು ತಾನಾಗಿ ಬರುವುದಿಲ್ಲ. ಒಂದೇ ಓಣಿಯ ಎರಡು ಮನೆಗಳಲ್ಲಿ ಒಂದಕ್ಕೆ ಬೆಳಗಾವಿ ತೆರೆದಿರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಇದು ಆ ಕಡೆಯವರದ್ದೊಂದೇ ಕಷ್ಟವಲ್ಲ. ಇಚಲಕರಂಜಿಯ ಪವರ್‌ಲೂಮ್‌ಗಳಲ್ಲಿ ದುಡಿಯಲು ನಮ್ಮ ಕಡೆಯಿಂದ ಹೋದವರಿದ್ದಾರೆ. ಅವರ ಕಾರ್ಡ್ ಕರ್ನಾಟಕದ್ದು. ಮಗ್ಗದ ಮುಂದೆ ಕುಸಿದು ಬಿದ್ದವನನ್ನು ಊರಿನ ಇಂದಿರಾ ಗಾಂಧಿ ಆಸ್ಪತ್ರೆಗೆ ಒಯ್ಯುತ್ತಾರೆ. ಅಲ್ಲಿಂದ ಮುಂದೆ ಎಲ್ಲಿಗೆ ಎಂಬುದನ್ನು ಮೆದುಳಿನ ಸ್ಥಿತಿಗಿಂತ ಮೊದಲು ಕಾರ್ಡು ನಿರ್ಧರಿಸುವ ಪರಿಸ್ಥಿತಿ ಯಾರಿಗೂ ಬರಬಾರದು. ಕರ್ನಾಟಕದ ಯೋಜನೆಯಲ್ಲಿ 4ಎ ಎಂಬ ತುರ್ತು ವರ್ಗಕ್ಕೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಡ, ತುರ್ತಲ್ಲದ 3ಎ ವರ್ಗಕ್ಕೆ ಬೇಕು. ಈ ಒಂದು ಮಾತು ಗೊತ್ತಿಲ್ಲದೆ ಚೀಟಿಗಾಗಿ ಅಲೆದರೆ ಮೆದುಳಿಗೆ ಬೇಕಿದ್ದ ಗಂಟೆಗಳು ಬೀದಿಯಲ್ಲೇ ಕಳೆದುಹೋಗುತ್ತವೆ.

2023ರಲ್ಲಿ ಮಹಾರಾಷ್ಟ್ರ ತನ್ನ ಯೋಜನೆಯನ್ನು ಕರ್ನಾಟಕದ 865 ಊರುಗಳಿಗೆ ವಿಸ್ತರಿಸುವ ಆದೇಶ ಹೊರಡಿಸಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದನ್ನು ವಿರೋಧಿಸಿದರು. ಕೇಳದೆ ಇನ್ನೊಂದು ರಾಜ್ಯದೊಳಗೆ ಯೋಜನೆ ತರುವುದು ನನಗೂ ಸರಿ ಕಾಣಲಿಲ್ಲ. ಆದರೆ ಆ ಗದ್ದಲದಲ್ಲಿ ಗಡಿವಾದವೇ ಎಲ್ಲರ ಬಾಯಲ್ಲಿತ್ತು. ಆಸ್ಪತ್ರೆಯ ಬಾಗಿಲಲ್ಲಿ ನಿಂತವನ ಮಾತು ಕೇಳಲಿಲ್ಲ. ಈ ಯೋಜನೆಗಳನ್ನು ನಡೆಸುವ ಮುಂಬೈಯ ಸ್ಟೇಟ್ ಹೆಲ್ತ್ ಅಶೂರೆನ್ಸ್ ಸೊಸೈಟಿ ಮತ್ತು ಬೆಂಗಳೂರಿನ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಒಂದೇ ಮೇಜಿಗೆ ಕೂತರೆ ಕನಿಷ್ಠ ತುರ್ತು ಚಿಕಿತ್ಸೆಗಳಿಗಾದರೂ ಪರಸ್ಪರ ಒಪ್ಪಂದವಾಗಬಹುದು. ಐ 60 ಎಂದು ಬರೆದ ಕಾಗದ ಬೆಳಗಾವಿಯಲ್ಲಿ ಹುಟ್ಟಿದರೂ ಮುಂಬೈಯಲ್ಲಿ ಚುಕ್ತಾ ಆಗಲಿ, ಕೊಲ್ಹಾಪುರದಲ್ಲಿ ಹುಟ್ಟಿದರೂ ಬೆಂಗಳೂರಿನಲ್ಲಿ ಚುಕ್ತಾ ಆಗಲಿ. ಆಂಬುಲೆನ್ಸಿಗೆ ಎರಡೂ ಕಡೆ 108 ಒಂದೇ ನಂಬರು ಇರುವಾಗ ಇದು ಆಗದ ಕೆಲಸವಲ್ಲ.

ಅದಕ್ಕೂ ಮೊದಲು ಆಗಬಹುದಾದದ್ದು ಒಂದಿದೆ. ಗಡಹಿಂಗ್ಲಜದ ಉಪಜಿಲ್ಲಾ ಆಸ್ಪತ್ರೆಯಲ್ಲಿ, ಇಚಲಕರಂಜಿಯಲ್ಲಿ, ಸಿಪಿಆರ್‌ನಲ್ಲಿ ಮರಾಠಿ ಮತ್ತು ಕನ್ನಡ ಎರಡರಲ್ಲೂ ಒಂದು ಹಾಳೆ ಅಂಟಿಸಬೇಕು: ಯಾವ ಆಸ್ಪತ್ರೆಯಲ್ಲಿ ಕ್ಲಿಪ್ಪಿಂಗ್, ಎಲ್ಲಿ ಕಾಯಿಲಿಂಗ್, ಯಾವ ಕಾರ್ಡಿಗೆ, ಫುಲೆ ಯೋಜನೆಯ ಸಹಾಯಕ್ಕೆ 155388, ಆಯುಷ್ಮಾನ್‌ಗೆ 14555. ಯೋಜನೆಯ ಪರವಾಗಿ ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರರು ಪೂರ್ವಾನುಮತಿಗೆ ಕಳಿಸುವ ಅರ್ಜಿಯ ಪ್ರತಿಯನ್ನು, ಅದರಲ್ಲಿ ಬರೆದ ಕೋಡಿನ ಅರ್ಥದೊಡನೆ, ಮನೆಯವರ ಕೈಗೆ ಕೊಡಬೇಕು. ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ವೃತ್ತಿ ನಿಯಮ 2002ರಿಂದಲೇ ಹೇಳುತ್ತಿದೆ. ಕೇಳಿ ಪಡೆಯಿರಿ. ಡಿಸ್ಚಾರ್ಜ್ ಆದ ದಿನವೇ ಕೇಳಿ.