‘ಪಿಲರಿ’ ಎಂಬ ಹಲಗೆ, ‘ಪಿಲರಿ’ ಎಂಬ ಕ್ರಿಯಾಪದ



ನೆರೆಮನೆಯ ಕಾಲೇಜು ಹುಡುಗನೊಬ್ಬನು ಮೊನ್ನೆ ಇಂಗ್ಲಿಷ್ ಪತ್ರಿಕೆಯೊಂದನ್ನು ಹಿಡಿದು ಬಂದನು. ಅಧಿಕಾರಿಯೊಬ್ಬರನ್ನು ಎಲ್ಲರೂ ‘ಪಿಲರಿ’ ಮಾಡಿದರೆಂದು ಅದರಲ್ಲಿ ಅಚ್ಚಾಗಿತ್ತು. “ಅಜ್ಜಾರ, ಪಿಲ್ಲರ್ ಅಂದರ ಕಂಬ. ಇದು ಕಂಬಕ್ಕ ಕಟ್ಟಿ ಬೈಯೂದೇನು?” ಎಂದು ಕೇಳಿದನು. ಅವನಿಗೆ ಹೇಳಿದುದನ್ನೇ ತುಸು ವಿಸ್ತರಿಸಿ ಇಲ್ಲಿ ನಿವೇದಿಸುತ್ತೇನೆ.

ಪದವು ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದುದು ನಿಶ್ಚಯ. ಅದಕ್ಕೂ ಹಿಂದಿನ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕಿವಿಗೆ ಒಂದೇ ಬಗೆಯಾಗಿ ಕೇಳಿಸಿದ ಮಾತ್ರಕ್ಕೆ ಎರಡು ಪದಗಳನ್ನು ಒಡಹುಟ್ಟಿದವೆನ್ನಬಾರದು. ಪ್ರಾಯದಲ್ಲಿ ಹೀಗೆ ಮಾಡಿ ಗುರುಗಳಿಂದ ನಾನೂ ಬೈಸಿಕೊಂಡಿದ್ದೇನೆ.

ಆದರೆ ಹುಡುಗನ ಊಹೆಯಲ್ಲಿ ಕಂಬವಿದ್ದುದು ಸುಳ್ಳಲ್ಲ. ಪಿಲರಿಯೆಂದರೆ ಸಂತೆಯ ಬಯಲಿನಲ್ಲಿ, ಎತ್ತರದ ಕಟ್ಟೆಯ ಮೇಲೆ, ಕಂಬಕ್ಕೆ ಜೋಡಿಸಿದ ಎರಡು ಹಲಗೆಗಳು. ಅವನ್ನು ಕೂಡಿಸಿದರೆ ನಡುವೆ ಮೂರು ರಂಧ್ರಗಳಾಗುತ್ತವೆ. ಒಂದರಲ್ಲಿ ಕತ್ತು, ಎರಡರಲ್ಲಿ ಕೈಗಳು. ಅಪರಾಧಿಯು ಬಾಗಿ ನಿಂತಿರಬೇಕು; ಮುಖ ಮುಚ್ಚಿಕೊಳ್ಳಲು ಕೈಯಿಲ್ಲ. ಇಂಗ್ಲೆಂಡಿನಲ್ಲಿ 13ನೆಯ ಶತಮಾನದಲ್ಲಿಯೇ ತೂಕದಲ್ಲಿ ಮೋಸಮಾಡಿದ ರೊಟ್ಟಿಯಂಗಡಿಯವರಿಗೆ ಈ ಶಿಕ್ಷೆಯಿತ್ತು. ಮುಂದೆ ಸುಳ್ಳುಸಾಕ್ಷಿ ನುಡಿದವರಿಗೂ ಪ್ರಭುತ್ವಕ್ಕೆ ಒಪ್ಪಿಗೆಯಾಗದ ಪುಸ್ತಕ ಬರೆದವರಿಗೂ ಅದೇ ಗತಿಯಾಯಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ನ್ಯಾಯಾಧೀಶನು ಗೊತ್ತುಮಾಡುತ್ತಿದ್ದುದು ನಿಲ್ಲಬೇಕಾದ ಸ್ಥಳವನ್ನು, ಹೊತ್ತನ್ನು. ಅದು ಬಹುಮಟ್ಟಿಗೆ ಒಂದು ಗಂಟೆ. ಆ ಗಂಟೆಯಲ್ಲಿ ಏನಾಗಬೇಕೆಂಬುದನ್ನು ಗೊತ್ತುಮಾಡುತ್ತಿದ್ದವರು ನೆರೆದ ಜನ. ಕೊಳೆತ ಮೊಟ್ಟೆಯೋ, ಕೆಸರೋ, ಕಲ್ಲೋ, ಯಾವುದನ್ನು ಎಸೆಯಬೇಕೆಂದು ತೀರ್ಪಿನಲ್ಲಿ ಬರೆದಿರುತ್ತಿರಲಿಲ್ಲ. ಬಹುಮಾನದ ಆಸೆಗೆ ಸುಳ್ಳುಸಾಕ್ಷಿ ಹೇಳುತ್ತಿದ್ದ ಜಾನ್ ವಾಲರ್ ಎಂಬವನನ್ನು 1732ರಲ್ಲಿ ಲಂಡನ್ನಿನ ಸೆವೆನ್ ಡಯಲ್ಸ್ ಎಂಬಲ್ಲಿ ನಿಲ್ಲಿಸಿದರು. ಜನ ಅವನನ್ನು ಹಲಗೆಯಿಂದ ಎಳೆದು ಕೊಂದೇಬಿಟ್ಟರು. ಅವನ ಸಾಕ್ಷ್ಯದಿಂದ ಗಲ್ಲಿಗೇರಿದ್ದವನೊಬ್ಬನ ಸಹೋದರನೂ ಕೊಂದವರ ಗುಂಪಿನಲ್ಲಿದ್ದನು. ಅವನನ್ನೂ ಬಳಿಕ ನೇಣಿಗೆ ಹಾಕಲಾಯಿತು. ನ್ಯಾಯಾಲಯವು ವಾಲರನಿಗೆ ಮರಣದಂಡನೆ ವಿಧಿಸಿರಲೇ ಇಲ್ಲ!

ಇದಕ್ಕೆ ವಿರುದ್ಧವಾದುದೂ ನಡೆಯಿತು. ಮುಂದೆ ‘ರಾಬಿನ್‌ಸನ್ ಕ್ರೂಸೋ’ ಬರೆದು ಖ್ಯಾತನಾದ ಡೇನಿಯಲ್ ಡೀಫೋ, 1702ರಲ್ಲಿ ಹೆಸರು ಹಾಕದೆ ಒಂದು ವ್ಯಂಗ್ಯ ಕಿರುಹೊತ್ತಗೆಯನ್ನು ಪ್ರಕಟಿಸಿದನು. ಅಧಿಕೃತ ಚರ್ಚಿಗೆ ಸೇರದವರನ್ನು ನಿರ್ಮೂಲ ಮಾಡಬೇಕೆಂದು ಉಗ್ರಮತೀಯನ ಧ್ವನಿಯಲ್ಲಿಯೇ ಬರೆದು ಆ ಧ್ವನಿಯನ್ನು ಅಣಕಿಸಿದ್ದನು. ವ್ಯಂಗ್ಯ ತಿಳಿಯದೆ ಹಲವರು ಮೆಚ್ಚಿಕೊಂಡರು. ತಿಳಿದ ಮೇಲೆ ಕೆರಳಿದರು. 1703ರ ಜುಲೈ ಕೊನೆಯಲ್ಲಿ ಮೂರು ದಿನ ಲಂಡನ್ನಿನ ಮೂರು ಕಡೆ ಅವನು ಪಿಲರಿಯಲ್ಲಿ ನಿಲ್ಲಬೇಕಾಯಿತು. ಜನ ಕಲ್ಲೆಸೆಯಲಿಲ್ಲ, ಹೂವೆರಚಿ ಅವನ ಆರೋಗ್ಯಕ್ಕೆಂದು ಮದ್ಯ ಕುಡಿದರೆಂಬ ಐತಿಹ್ಯವಿದೆ. ಹೂವಿನ ಕಥೆಯನ್ನು ನಾನು ಪೂರಾ ನಂಬುವವನಲ್ಲ. ಆದರೆ ಪಿಲರಿಯನ್ನೇ ಸಂಬೋಧಿಸಿ ಅವನು ರಚಿಸಿದ ಪದ್ಯವು ಆಗಲೇ ಅಚ್ಚಾಗಿ ಬೀದಿಯಲ್ಲಿ ಮಾರಾಟವಾದುದು ದಿಟ.

1816ರಲ್ಲಿ ಈ ಶಿಕ್ಷೆಯನ್ನು ಸುಳ್ಳುಸಾಕ್ಷಿ ಮುಂತಾದವಕ್ಕೆ ಮಾತ್ರ ಸೀಮಿತಗೊಳಿಸಿ, 1837ರಲ್ಲಿ ಇಂಗ್ಲೆಂಡು ಅದನ್ನು ಪೂರ್ಣವಾಗಿ ರದ್ದುಮಾಡಿತು. ಅಮೆರಿಕದ ಡೆಲವೇರ್ ಸಂಸ್ಥಾನದಲ್ಲಿ 1905ರವರೆಗೂ ಉಳಿದಿತ್ತು. ಕ್ರಿಯಾಪದವು ಮಾತ್ರ ಹಲಗೆಯಿಲ್ಲದೆಯೇ ಬಾಳತೊಡಗಿತು: ಬಹಿರಂಗವಾಗಿ ನಿಂದಿಸಿ ನಗೆಗೀಡುಮಾಡುವುದೆಂದು.

ಇದಕ್ಕೆ ಕನ್ನಡದಲ್ಲೇನೆನ್ನಬೇಕು? ಹುಡುಗನು ‘ಖಂಡಿಸು’ ಎಂದು ಬರೆದುಕೊಂಡಿದ್ದನು. ನಾನು ಒಪ್ಪಲಿಲ್ಲ. ಖಂಡಿಸುವುದೆಂದರೆ ಕತ್ತರಿಸುವುದು, ಶಾಸ್ತ್ರವಾದದಲ್ಲಿ ಎದುರಾಳಿಯ ಪಕ್ಷವನ್ನು ತುಂಡುಮಾಡುವುದು. ಶ್ರೀಹರ್ಷನ ‘ಖಂಡನಖಂಡಖಾದ್ಯ’ದಲ್ಲಿ ತುಂಡಾಗುವುದು ಲಕ್ಷಣಗಳು, ತರ್ಕಗಳು, ಮನುಷ್ಯನಲ್ಲ. ಖಂಡನಕ್ಕೆ ಉತ್ತರವುಂಟು, ಮಂಡನವುಂಟು. ಹಲಗೆಯಲ್ಲಿ ಕತ್ತು ಸಿಕ್ಕವನು ಯಾವ ಮಂಡನ ಮಾಡಿಯಾನು? ‘ಛೀಮಾರಿ’ ಸ್ವಲ್ಪ ಸಮೀಪ. ಆದರೆ ಅದನ್ನು ಒಬ್ಬ ನ್ಯಾಯಾಧೀಶನೇ ಹಾಕಬಹುದು, ಗುಂಪು ಬೇಕಾಗಿಲ್ಲ. ‘ಬೀದಿಯಲ್ಲಿ ನಿಲ್ಲಿಸಿ ಛೀಗುಟ್ಟು’ ಎಂದರೆ ಉದ್ದವಾದರೂ ಅರ್ಥ ಪೂರ್ಣವಾಗುತ್ತದೆ.

ಹುಡುಗನು ಹಾಗೆಯೇ ತಿದ್ದಿಕೊಂಡನು. ಆ ಅಧಿಕಾರಿಯು ಮಾಡಿದ ತಪ್ಪೇನೆಂದು ನಾನು ಕೇಳಿದೆ. ಪತ್ರಿಕೆಯನ್ನು ತಿರುವಿ ನೋಡಿ, “ಅದನ್ನ ಬರದಿಲ್ಲ, ಅಜ್ಜಾರ” ಎಂದನು.