ಕೆಟ್ಟುದು ದೀಪವೋ, ಚಾಲಕವೋ?

ಮನೆಯ ದೀಪವೊಂದು ಆರಿಹೋದರೆ, ದೀಪ ಕೆಟ್ಟಿತೆಂದು ಹೇಳಿ ಹೊಸದನ್ನು ತರುವುದು ನಮ್ಮೆಲ್ಲರ ವಾಡಿಕೆ. ತಂತಿಯ ಬಲ್ಬುಗಳ ಕಾಲದಲ್ಲಿ ಈ ಮಾತು ಅಕ್ಷರಶಃ ನಿಜವಾಗಿತ್ತು. ಒಳಗಿನ ಟಂಗ್‌ಸ್ಟನ್ ಎಳೆ ಕಡಿದ ಮೇಲೆ ಉಳಿಯುತ್ತಿದ್ದುದು ಗಾಜಿನ ಬುರುಡೆ ಮತ್ತು ಲೋಹದ ಟೊಪ್ಪಿಗೆ ಮಾತ್ರ. ಆದರೆ ಈಗ ಮನೆಮನೆಯಲ್ಲಿಯೂ ಉರಿಯುತ್ತಿರುವ ಎಲ್.ಇ.ಡಿ. ದೀಪದ ವಿಷಯದಲ್ಲಿ ಅದೇ ಮಾತನ್ನಾಡುವುದು ಬಹಳ ಸಲ ತಪ್ಪಾಗುತ್ತದೆ. ಈ ತಪ್ಪು ಕೇವಲ ಮಾತಿನ ತಪ್ಪಲ್ಲ, ನಮ್ಮ ಜೇಬಿಗೆ ತಗಲುವ ತಪ್ಪು ಎಂಬುದನ್ನು ವಾಚಕರ ಗಮನಕ್ಕೆ ತರಬೇಕೆಂದೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಕಳೆದ ಬೇಸಿಗೆಯಲ್ಲಿ ಕಾರ್ಯನಿಮಿತ್ತವಾಗಿ ಅಫಜಲಪುರಕ್ಕೆ ಹೋಗಿದ್ದಾಗ, ಪೇಟೆಯ ವಿದ್ಯುತ್ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಹೊತ್ತು ಕುಳಿತಿದ್ದೆವು. ಮೂಲೆಯಲ್ಲಿ ಒಂದು ಗೋಣಿಚೀಲ; ಅದರ ತುಂಬ ಗಿರಾಕಿಗಳು ಹಿಂದಕ್ಕೆ ತಂದುಕೊಟ್ಟ ಬಲ್ಬುಗಳು. ಇವೆಲ್ಲ ಏಕೆ ಕೆಟ್ಟವೆಂದು ಕೇಳಿದೆವು. ಅಂಗಡಿಯವರು ನಕ್ಕು, “ದೀಪಕ್ಕ ಏನೂ ಆಗಿಲ್ರಿ ಸರ, ಒಳಗಿನ ಡ್ರೈವರ್ ಸುಟ್ಟದ. ನಮ್ಮ ಕಡೆ ಬಿಸಿಲೂ ಹಂಗ, ಕರೆಂಟೂ ಹಂಗ” ಎಂದರು. ಪುಸ್ತಕದಲ್ಲಿ ಎರಡು ಅಧ್ಯಾಯಗಳನ್ನು ಬೇಡುವ ವಿಷಯವನ್ನು ಅವರು ಒಂದೇ ಉಸಿರಿನಲ್ಲಿ ಮುಗಿಸಿಬಿಟ್ಟಿದ್ದರು. ಹೊರಡುವಾಗ ಆ ಚೀಲದಿಂದ ಒಂದು ಬಲ್ಬನ್ನು ಕೇಳಿ ಪಡೆದುಕೊಂಡೆವು.

ಡ್ರೈವರ್ ಎಂದರೇನು? ಕನ್ನಡದಲ್ಲಿ ಅದನ್ನು ಚಾಲಕ ಮಂಡಲವೆಂದು ಕರೆಯಬಹುದು. ಅದು ಏಕೆ ಬೇಕೆಂಬುದನ್ನು ತಿಳಿಯಲು ಹಳೆಯ ಬಲ್ಬನ್ನೇ ಒಮ್ಮೆ ಸ್ಮರಿಸಿಕೊಳ್ಳೋಣ. ಟಂಗ್‌ಸ್ಟನ್ ಎಳೆ ಬಿಸಿಯಾದಂತೆಲ್ಲ ಅದರ ರೋಧ ಏರುತ್ತದೆ. ತಣ್ಣಗಿರುವಾಗಿನದಕ್ಕಿಂತ ಉರಿಯುವಾಗ ಹತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಆದುದರಿಂದ ವೋಲ್ಟೇಜು ತುಸು ಹೆಚ್ಚಿದರೂ ಎಳೆಯು ತಾನಾಗಿಯೇ ಪ್ರವಾಹಕ್ಕೆ ಕಡಿವಾಣ ಹಾಕಿಕೊಳ್ಳುತ್ತಿತ್ತು. ಅದಕ್ಕೆ ಬೇರೆ ಯಾರ ಕಾವಲೂ ಬೇಕಿರಲಿಲ್ಲ.

ಬೆಳಕು ಸೂಸುವ ಡಯೋಡಿನ ಸ್ವಭಾವವು ಇದಕ್ಕೆ ತೀರ ವಿರುದ್ಧವಾದುದು. ಬಿಳಿ ಬೆಳಕಿನ ಒಂದು ಎಲ್.ಇ.ಡಿ. ಬೆಳಗಲು ಸುಮಾರು 3 ವೋಲ್ಟ್ ಸಾಕು. ಅದಕ್ಕಿಂತ ಸಾಕಷ್ಟು ಕಡಿಮೆಯಾದರೆ ಅದು ಬೆಳಗುವುದೇ ಇಲ್ಲ. ಸ್ವಲ್ಪವೇ ಹೆಚ್ಚಾದರೆ ಪ್ರವಾಹವು ಮೆಟ್ಟಿಲೇರಿದಂತೆ ಏರದೆ ಪ್ರವಾಹದ ನೀರಿನಂತೆ ನುಗ್ಗುತ್ತದೆ. ವೋಲ್ಟೇಜು ನೂರಕ್ಕೆ ಐದಾರರಷ್ಟು ಏರಿದರೆ ಪ್ರವಾಹವು ಒಂದೂವರೆ, ಎರಡು ಪಟ್ಟಾಗಬಹುದು. ಇದರ ಮೇಲೆ ಇನ್ನೊಂದು ತೊಡಕು. ಡಯೋಡು ಬಿಸಿಯಾದಂತೆ ಅದಕ್ಕೆ ಬೇಕಾಗುವ ವೋಲ್ಟೇಜು ಪ್ರತಿ ಡಿಗ್ರಿಗೆ ಕೆಲವು ಮಿಲಿವೋಲ್ಟಿನಷ್ಟು ಇಳಿಯುತ್ತದೆ. ಹಾಗಾಗಿ ಸ್ಥಿರವಾದ ವೋಲ್ಟೇಜನ್ನೇ ಕೊಟ್ಟಿದ್ದರೂ ಪ್ರವಾಹ ಏರುತ್ತದೆ. ಪ್ರವಾಹ ಏರಿದುದರಿಂದ ಮತ್ತಷ್ಟು ಬಿಸಿ. ಬಿಸಿಯಾದುದರಿಂದ ಮತ್ತಷ್ಟು ಪ್ರವಾಹ. ಈ ಸುಳಿಗೆ ಸಿಕ್ಕಿದ ಡಯೋಡು ಬದುಕುವುದಿಲ್ಲ. ಎಲ್.ಇ.ಡಿ.ಗೆ ಕೊಡಬೇಕಾದುದು ಗೊತ್ತಾದ ವೋಲ್ಟೇಜನ್ನಲ್ಲ, ಗೊತ್ತಾದ ಪ್ರವಾಹವನ್ನು. ಅದನ್ನು ಅಳೆದು ಕೊಡುವುದೇ ಚಾಲಕದ ಕೆಲಸ.

ಅಳೆಯುವ ಕೆಲಸ ಸಣ್ಣದಲ್ಲ. ನಮ್ಮ ಮನೆಗೆ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್ತು. ಅದರ ಅಲೆಯ ತುದಿ 325 ವೋಲ್ಟನ್ನು ಮುಟ್ಟುತ್ತದೆ. ಮೊದಲು ನಾಲ್ಕು ಡಯೋಡುಗಳ ಸೇತುವೆಯೊಂದು ಅದನ್ನು ಏಕಮುಖ ಮಾಡುತ್ತದೆ. ಆಗ ದೊರೆಯುವುದು ಸೆಕೆಂಡಿಗೆ ನೂರು ಬಾರಿ ಏರಿಳಿಯುವ ಪ್ರವಾಹ. ಆ ಏರಿಳಿತವನ್ನು ತುಂಬಿಕೊಡಲು ಒಂದು ಎಲೆಕ್ಟ್ರೊಲಿಟಿಕ್ ಕಂಡೆನ್ಸರು, ಅಂದರೆ ಕೆರೆಯಂತೆ ವಿದ್ಯುದಂಶವನ್ನು ಹಿಡಿದಿಟ್ಟು ಬಿಡುವ ಧಾರಕ. ಅನಂತರ ಒಂದು ಟ್ರಾನ್ಸಿಸ್ಟರು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ತೆರೆದು ಮುಚ್ಚಿ, ತಾಮ್ರದ ಸುರುಳಿಯೊಂದರ ಮೂಲಕ ಹದವಾದ ಪ್ರವಾಹವನ್ನು ಮುಂದಕ್ಕೆ ಬಿಡುತ್ತದೆ. ಎಷ್ಟು ಹರಿಯಿತೆಂಬುದನ್ನು ಅಕ್ಕಿಕಾಳಿನಷ್ಟು ಸಣ್ಣ ರೋಧಕವೊಂದು ಸದಾ ಗಮನಿಸುತ್ತಿರುತ್ತದೆ. ಹೆಚ್ಚಾಯಿತೆಂದರೆ ಬಾಗಿಲು ಬೇಗನೆ ಮುಚ್ಚುತ್ತದೆ. ಇಷ್ಟೆಲ್ಲವೂ ಬಲ್ಬಿನ ಕುತ್ತಿಗೆಯೊಳಗೆ, ಹೆಬ್ಬೆರಳಿನಷ್ಟು ಜಾಗದಲ್ಲಿ!

ಇದು ಸರಿಯಾದ ಚಾಲಕದ ಮಾತು. ಅಗ್ಗದ ದೀಪಗಳಲ್ಲಿ ಟ್ರಾನ್ಸಿಸ್ಟರೂ ಇಲ್ಲ, ಸುರುಳಿಯೂ ಇಲ್ಲ. ಒಂದು ಕಂಡೆನ್ಸರನ್ನು ಪ್ರವಾಹಕ್ಕೆ ಅಡ್ಡಲಾಗಿ ಸರಣಿಯಲ್ಲಿಟ್ಟು ವೋಲ್ಟೇಜನ್ನು ಇಳಿಸಿಕೊಳ್ಳುತ್ತಾರೆ. ಹೊರಗಿನ ವೋಲ್ಟೇಜು ಏರಿದರೆ ಅಲ್ಲಿ ಪ್ರವಾಹವೂ ಏರುತ್ತದೆ, ತಡೆಯುವವರಿಲ್ಲ. ಇದನ್ನು ಚಾಲಕವೆಂದು ಕರೆಯಲು ನಮಗೆ ಮನಸ್ಸಿಲ್ಲ. ಇನ್ನು ಕೆಲವರು ಚಾಲಕವನ್ನು ದೀಪದ ತಟ್ಟೆಯ ಮೇಲೆಯೇ ಸಣ್ಣ ಚಿಪ್ಪಿನ ರೂಪದಲ್ಲಿ ಕೂಡಿಸುತ್ತಾರೆ. ಅದು ಹೆಚ್ಚಿನ ವೋಲ್ಟೇಜನ್ನು ಶಾಖವನ್ನಾಗಿ ಸುಟ್ಟುಹಾಕಿ, ಎಲ್.ಇ.ಡಿ.ಗಳು ಕುಳಿತಿರುವ ತಟ್ಟೆಯನ್ನೇ ಕಾಯಿಸುತ್ತದೆ.

1962ರಲ್ಲಿ ನಿಕ್ ಹೊಲೊನ್ಯಾಕರು ಕೆಂಪು ಬೆಳಕಿನ ಡಯೋಡನ್ನು ಮಾಡಿ ತೋರಿಸಿದರು. ನೀಲಿ ಬೆಳಕಿನ ಡಯೋಡಿಗಾಗಿ ಅಕಾಸಾಕಿ, ಅಮಾನೊ ಮತ್ತು ನಾಕಾಮುರ ಅವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆ ನೀಲಿಯ ಮೇಲೆ ಹಳದಿ ಬೆಳಕು ಕೊಡುವ ವಸ್ತುವನ್ನು ಲೇಪಿಸಿದರೆ ನಮ್ಮ ಬಿಳಿ ದೀಪವಾಗುತ್ತದೆ. ಇದೆಲ್ಲ ಪಠ್ಯಪುಸ್ತಕಗಳಿಗೆ ಬಂದಿದೆ, ಬರಬೇಕಾದುದೇ. ಆದರೆ ದೀಪದ ಆಯುಸ್ಸನ್ನು ನಿರ್ಧರಿಸುವ ಚಾಲಕದ ಹೆಸರನ್ನು ಎಷ್ಟು ವಿದ್ಯಾರ್ಥಿಗಳು ಕೇಳಿದ್ದಾರೆ?

ಈಗ ಅಂಗಡಿಯವರ ಮಾತಿಗೆ ಬರೋಣ. ಮೊದಲನೆಯದು ಬಿಸಿಲು. ಅಫಜಲಪುರ, ಆಳಂದ, ಜೇವರ್ಗಿಗಳ ಕಡೆ ಮೇ ತಿಂಗಳಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ದಾಟುವುದು ಹೊಸತೇನಲ್ಲ. ಮಣ್ಣಿನ ಮಾಳಿಗೆಯ ಮನೆಗಳು ಕಡಿಮೆಯಾಗಿ ತಗಡಿನ ಮನೆಗಳು ಬಂದಿವೆ. ಸೂರ್ಯ ಮುಳುಗಿ ದೀಪ ಹಚ್ಚುವ ಹೊತ್ತಿಗೂ ಒಳಗೆ ಕಾವು ಆರಿರುವುದಿಲ್ಲ. ಇಂತಹ ಕೋಣೆಯ ಸೂರಿನಲ್ಲಿ, ಮುಚ್ಚಿದ ಗಾಜಿನ ಬುಟ್ಟಿಯೊಳಗೆ ತಲೆಕೆಳಗಾಗಿ ತೂಗುವ ಬಲ್ಬಿನ ಕುತ್ತಿಗೆಯಲ್ಲಿ ಕಂಡೆನ್ಸರಿನ ಗತಿ ಏನಾಗಬೇಕು? ಅದರೊಳಗಿನ ದ್ರವವು ಮೆಲ್ಲಮೆಲ್ಲನೆ ಆರಿಹೋಗುತ್ತದೆ. ತಯಾರಕರು ಒಪ್ಪಿಕೊಂಡಿರುವ ಸ್ಥೂಲ ನಿಯಮವೊಂದುಂಟು: ಉಷ್ಣಮಾನ 10 ಡಿಗ್ರಿ ಏರಿದರೆ ಇಂತಹ ಕಂಡೆನ್ಸರಿನ ಆಯುಸ್ಸು ಅರ್ಧವಾಗುತ್ತದೆ.

ಲೆಕ್ಕ ಹಾಕಿ ನೋಡೋಣ. ಪೆಟ್ಟಿಗೆಯ ಮೇಲೆ 25,000 ಗಂಟೆ ಎಂದು ಅಚ್ಚಾಗಿರುತ್ತದೆ. ದಿನಕ್ಕೆ 5 ಗಂಟೆಯಂತೆ ಉರಿಸಿದರೆ ಅದು 5,000 ದಿನ, ಎಂದರೆ ಹದಿಮೂರು ವರ್ಷಕ್ಕೂ ಮೇಲೆ. ಇಂತಹ ಅಂಕಿಗೆ ಸಾಮಾನ್ಯವಾಗಿ ಆಧಾರವಾಗುವುದು ಡಯೋಡಿನ ಬೆಳಕು ಮೊದಲಿನ ಶೇಕಡ 70ಕ್ಕೆ ಇಳಿಯಲು ಹಿಡಿಯುವ ಕಾಲ. ಅದೇ ಬಲ್ಬಿನಲ್ಲಿ 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕಂಡೆನ್ಸರನ್ನು ಹಾಕಿದ್ದು, ಅದು 95 ಡಿಗ್ರಿಯಲ್ಲಿ ಕೆಲಸ ಮಾಡುತ್ತಿದ್ದರೆ ಅದರ ಆಯುಸ್ಸು 4,000 ಗಂಟೆ, ಅಂದರೆ 800 ದಿನ. ಹದಿಮೂರು ವರ್ಷದ ಎತ್ತಿಗೆ ಎರಡು ವರ್ಷದ ನೊಗ!

ಎರಡನೆಯದು ಕರೆಂಟು. ಭೀಮೆಯ ದಂಡೆಯ ಕಬ್ಬಿನ ಹೊಲಗಳಲ್ಲಿ ಪಂಪುಗಳು ಒಟ್ಟಿಗೆ ಓಡತೊಡಗಿದರೆ ಉದ್ದನೆಯ ತಂತಿಯ ಕೊನೆಯಲ್ಲಿರುವ ಮನೆಯಲ್ಲಿ ವೋಲ್ಟೇಜು ಕುಗ್ಗುತ್ತದೆ. ಅವು ನಿಂತೊಡನೆ ಜಿಗಿಯುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ತಂತಿಯನ್ನೂ ಪಂಪುಗಳ ತಂತಿಯನ್ನೂ ಬೇರೆ ಮಾಡಿದುದರಿಂದ ಊರೊಳಗಿನವರಿಗೆ ಅನುಕೂಲವಾಯಿತು; ಹೊಲದ ಮನೆಗಳಲ್ಲಿರುವವರಿಗೆ ಅಷ್ಟಾಗಿ ಅಲ್ಲ. ಇದಕ್ಕಿಂತ ಕ್ರೂರವಾದುದು ಕಂಬದ ನ್ಯೂಟ್ರಲ್ ತಂತಿ ಕಡಿಯುವುದು. ಆಗ ಎರಡು ಫೇಸುಗಳ ನಡುವಣ 400 ವೋಲ್ಟಿನ ಬಹುಪಾಲು ಒಂದು ಮನೆಯ ಮೇಲೆಯೇ ಬೀಳಬಹುದು. 400 ವೋಲ್ಟಿನ ಅಲೆಯ ತುದಿ 565 ವೋಲ್ಟ್. ಬಲ್ಬಿನ ಕಂಡೆನ್ಸರಾದರೋ ಸಾಮಾನ್ಯವಾಗಿ 400 ವೋಲ್ಟನ್ನು ತಾಳುವಂತೆ ಮಾಡಿದುದು. ಮುಂಗಾರಿಗೆ ಮೊದಲಿನ ಗುಡುಗು ಸಿಡಿಲುಗಳು ತಂತಿಯ ಮೇಲೆ ಎಬ್ಬಿಸುವ ಕ್ಷಣಿಕ ಅಲೆಗಳನ್ನಂತೂ ಹೇಳಲೇಬೇಕಾಗಿಲ್ಲ. ಇವನ್ನು ನುಂಗಿಕೊಳ್ಳಲು ವೇರಿಸ್ಟರ್ ಎಂಬ ಸಣ್ಣ ಬಿಲ್ಲೆಯೊಂದಿದೆ. ಬೆಲೆ ತಗ್ಗಿಸುವಾಗ ಮೊದಲು ಮಾಯವಾಗುವುದು ಅದೇ.

ಇದರಲ್ಲಿ ಜನಸಾಮಾನ್ಯರ ನಷ್ಟವೆಷ್ಟು? 2015ರ ಜನವರಿಯಲ್ಲಿ ಕೇಂದ್ರ ಸರಕಾರದ ಉಜಾಲಾ ಯೋಜನೆ, ಅದೇ ವರ್ಷದ ಕೊನೆಯಲ್ಲಿ ನಮ್ಮ ರಾಜ್ಯದ ‘ಹೊಸ ಬೆಳಕು’ ಬಂದು 9 ವಾಟಿನ ಬಲ್ಬುಗಳು ಹಳ್ಳಿಹಳ್ಳಿಗೆ ತಲುಪಿದವು. 60 ವಾಟಿನ ತಂತಿ ಬಲ್ಬಿನ ಬದಲು ಅದನ್ನು ದಿನಕ್ಕೆ 5 ಗಂಟೆ ಉರಿಸಿದರೆ ವರ್ಷಕ್ಕೆ ಸುಮಾರು 93 ಯೂನಿಟ್ ಉಳಿತಾಯ. ಮಹತ್ತರವಾದ ಲಾಭವಿದು, ಇದನ್ನು ಅಲ್ಲಗಳೆಯುವ ಉದ್ದೇಶ ನಮಗಿಲ್ಲ. ಆದರೆ 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿಯೇ ಚಾಲನೆ ಪಡೆದ ಗೃಹಜ್ಯೋತಿ ಯೋಜನೆಯ ಮೇರೆಗೆ, ಮಿತವಾಗಿ ಬಳಸುವ ಮನೆಗಳಿಗೆ ವಿದ್ಯುತ್ತಿನ ಬಿಲ್ಲೇ ಬರದಂತಾಯಿತು. ಅಂತಹ ಮನೆಯಲ್ಲಿ ಯೂನಿಟ್ಟಿನ ಉಳಿತಾಯ ಸರಕಾರದ್ದು, ಬಲ್ಬಿನ ಬೆಲೆ ಮಾತ್ರ ಮನೆಯವರದು. ಬೆಳಕಿಗಾಗಿ ಬಡವನ ಕೈಯಿಂದ ಹೋಗುವ ಹಣವೀಗ ಬಹುಮಟ್ಟಿಗೆ ಚಾಲಕದ ಆಯುಸ್ಸನ್ನು ಅವಲಂಬಿಸಿದೆ. ಹೀಗಿರುವಾಗ ಆ ಆಯುಸ್ಸನ್ನು ಪೆಟ್ಟಿಗೆಯ ಮೇಲೆ ಬರೆಯದಿರುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ವಾಟು, ಬಣ್ಣ, ನಕ್ಷತ್ರ ಎಲ್ಲವೂ ಇರಲಿ. ಅವುಗಳ ಪಕ್ಕದಲ್ಲಿ, ಎಷ್ಟರಿಂದ ಎಷ್ಟು ವೋಲ್ಟಿನವರೆಗೆ ಚಾಲಕ ತಾಳೀತು, ಎಷ್ಟು ದೊಡ್ಡ ಕ್ಷಣಿಕ ಅಲೆಯನ್ನು ಸಹಿಸೀತು, 40 ಡಿಗ್ರಿಯ ಕೋಣೆಯಲ್ಲಿ ಎಷ್ಟು ಗಂಟೆ ಬಾಳೀತು ಎಂಬ ಮೂರು ಅಂಕಿಗಳೂ ಇರಬೇಕು.

ಟ್ಯೂಬ್‌ಲೈಟಿನ ಕಾಲವನ್ನು ಹಿರಿಯರು ಮರೆತಿರಲಾರರು. ಚೋಕು ಸುಟ್ಟರೆ ಚೋಕನ್ನು, ಸ್ಟಾರ್ಟರು ಹೋದರೆ ಸ್ಟಾರ್ಟರನ್ನು ಬದಲಿಸುತ್ತಿದ್ದರು. ಅದಕ್ಕಾಗಿ ಟ್ಯೂಬನ್ನು ಬಿಸಾಡಿದವರನ್ನು ನಾವು ಕಂಡಿಲ್ಲ. ಎಲ್.ಇ.ಡಿ.ಯ ಚೋಕೇ ಚಾಲಕ. ಅದನ್ನು ಬಿಚ್ಚಿ ಬದಲಿಸುವಂತೆ ಏಕೆ ಮಾಡಬಾರದು? ನೂರು ರೂಪಾಯಿಯ ಆಸುಪಾಸಿನ ಬಲ್ಬನ್ನು ಬಿಚ್ಚಿ ಕಟ್ಟುವ ಕೂಲಿಯೇ ಅದರ ಬೆಲೆಯನ್ನು ಮೀರೀತು ಎಂದು ತಯಾರಕರು ಹೇಳುತ್ತಾರೆ. ಬಲ್ಬಿನ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ, ನಾವೂ ಒಪ್ಪುತ್ತೇವೆ. ಆದರೆ ಶಾಲೆಯ ಕೋಣೆ, ಗ್ರಂಥಾಲಯ, ಆಸ್ಪತ್ರೆಯ ಪಡಸಾಲೆ, ಬೀದಿಯ ಕಂಬ ಇವುಗಳ ದೀಪಗಳಿಗೆ ಅದು ಸಲ್ಲದು. ಅಲ್ಲಿ ಚಾಲಕವು ಬೇರೆ ಪೆಟ್ಟಿಗೆಯಲ್ಲಿರುವ ದೀಪಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಗ್ರಾಮ ಪಂಚಾಯತಿಗಳೂ ಶಾಲೆಗಳೂ ಖರೀದಿಯ ಕರಾರಿನಲ್ಲಿ ಅಂತಹವನ್ನೇ ಕೇಳಬೇಕು. ಬಿಡಿ ಚಾಲಕಗಳೂ ಜೊತೆಯಲ್ಲಿಯೇ ಬರಬೇಕು.

ನಮ್ಮ ತರುಣ ವಾಚಕರಿಗೆ ಇಲ್ಲಿ ಒಂದು ಎಚ್ಚರಿಕೆ. ಬಹುತೇಕ ಬಲ್ಬುಗಳಲ್ಲಿ ಚಾಲಕಕ್ಕೂ ಮನೆಯ ತಂತಿಗೂ ನಡುವೆ ಟ್ರಾನ್ಸ್‌ಫಾರ್ಮರಿನ ಮರೆಯಿರುವುದಿಲ್ಲ. ಮೇಲಿನ ಬುರುಡೆ ತೆಗೆದ ಬಲ್ಬನ್ನು ಹೋಲ್ಡರಿಗೆ ಹಾಕಿ ಮುಟ್ಟಿದರೆ ಮುಟ್ಟಿದಂತಾಗುವುದು 230 ವೋಲ್ಟಿನ ತಂತಿಯನ್ನೇ. ಕಳಚಿಟ್ಟ ಮೇಲೂ ಕಂಡೆನ್ಸರಿನಲ್ಲಿ ವಿದ್ಯುದಂಶ ಉಳಿದಿರುತ್ತದೆ. ಗುರುಗಳಿಲ್ಲದೆ ಈ ಪ್ರಯೋಗ ಬೇಡ. ಗುರುಗಳಿದ್ದರೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇರೊಂದಿಲ್ಲ: ಕಾಲೇಜುಗಳೂ ಐ.ಟಿ.ಐ.ಗಳೂ ಊರಿನ ಕೆಟ್ಟ ಬಲ್ಬುಗಳನ್ನು ಕೂಡಿಸಿ, ಯಾವುದರಲ್ಲಿ ಯಾವ ಭಾಗ ಸೋತಿತೆಂದು ಪಟ್ಟಿ ಮಾಡಬಹುದು. ಗಾಣಗಾಪುರದ ಜಾತ್ರೆಯ ಸೀರಿಯಲ್ ದೀಪದ ಸರದಂತೆ ಬಲ್ಬಿನೊಳಗೂ ಡಯೋಡುಗಳು ಸಾಲಾಗಿ ಪೋಣಿಸಿರುತ್ತವೆ, ಒಂದು ಕಡಿದರೆ ಎಲ್ಲವೂ ಆರುತ್ತವೆ. ಕೆಲವು ಬಲ್ಬುಗಳಲ್ಲಿ ತಪ್ಪು ನಿಜವಾಗಿಯೂ ದೀಪದ್ದೇ ಆಗಿದ್ದರೆ ಅದೂ ಹೊರಬೀಳಲಿ. ಅಂತಹ ಪಟ್ಟಿಯನ್ನು ಮುಂದಿಟ್ಟು ಕೇಳಿದ ಪ್ರಶ್ನೆಗೆ ತಯಾರಕರು ಉತ್ತರ ಕೊಡಬೇಕಾಗುತ್ತದೆ.

ಅಫಜಲಪುರದಿಂದ ತಂದ ಬಲ್ಬನ್ನು ಪ್ರಯೋಗಶಾಲೆಯಲ್ಲಿ ಬಿಚ್ಚಿಸಿದೆವು. ಕಂಡೆನ್ಸರಿನ ತಲೆ ಉಬ್ಬಿ ಒಡೆದಿತ್ತು. ಅದರ ಬದಿಯ ಹಲಗೆ ಕಂದಾಗಿತ್ತು. ಡಯೋಡುಗಳ ತಟ್ಟೆಯನ್ನು ಬೇರ್ಪಡಿಸಿ, ಪ್ರವಾಹಕ್ಕೆ ಮಿತಿ ಕಟ್ಟಿ, ವೋಲ್ಟೇಜನ್ನು ಮೆಲ್ಲನೆ ಏರಿಸುತ್ತ ಹೋದೆವು. 80 ವೋಲ್ಟಿನ ಸಮೀಪಕ್ಕೆ ಬಂದಾಗ ತಟ್ಟೆಯ ಮೇಲಿನ ಅಷ್ಟೂ ಚುಕ್ಕಿಗಳು ಒಮ್ಮೆಲೇ ಬೆಳಗಿದವು.