ಕೊಟ್ಟಿಗೆಯ ಹಳೆಯ ಬೈಕು: ಬುಲೆಟ್ಟೋ, ಜಾವಾವೋ?



ಹಿರಿಯರು ಬಿಟ್ಟುಹೋದ ವಸ್ತುಗಳಲ್ಲಿ ಕೆಲವನ್ನು ನಾವು ಜತನದಿಂದ ಕಾಪಾಡುತ್ತೇವೆ. ಕೆಲವನ್ನು ಬೆಲೆ ಅರಿಯದೆ ಗುಜರಿಗೆ ತೂಗಿಬಿಡುತ್ತೇವೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆ ಕೊಟ್ಟಿಗೆಯ ಮೂಲೆಯಲ್ಲಿ ಧೂಳು ಹಿಡಿದು ನಿಂತ ಹಳೆಯ ಮೋಟಾರ್ ಸೈಕಲ್ಲಿಗೆ ಈ ಎರಡನೆಯ ಗತಿ ಬರಬಾರದೆಂಬುದೇ ಈ ಬರಹದ ಆಶಯ.

ಬುಲೆಟ್ ಇಂಗ್ಲೆಂಡಿನ ರೆಡಿಚ್ ಪಟ್ಟಣದ ಕೂಸು. 1955ರಲ್ಲಿ ಮದ್ರಾಸಿನ ಸಂಸ್ಥೆಯೊಂದು ರಾಯಲ್ ಎನ್‌ಫೀಲ್ಡಿನೊಡನೆ ಕೈಜೋಡಿಸಿದ ಮೇಲೆ ಅದು ನಮ್ಮ ದೇಶದ್ದೇ ಆಯಿತು. ಜಾವಾದ ಮೂಲ ಚೆಕೊಸ್ಲೊವಾಕಿಯಾ. ಆದರೆ ನಮ್ಮ ಜನರ ಜಾವಾ ಸಿದ್ಧವಾದುದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. 1973ರಿಂದ ಅದಕ್ಕೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ಎರಡರ ಸ್ವಭಾವವೂ ಬೇರೆ. ಬುಲೆಟ್ಟಿನದು 346 ಸಿ.ಸಿ.ಯ ನಾಲ್ಕು ಸ್ಟ್ರೋಕಿನ ಎಂಜಿನ್. ನಿಧಾನವಾಗಿ, ಗಂಭೀರವಾಗಿ ಎಳೆಯುತ್ತದೆ. ಕಾಲಕಾಲಕ್ಕೆ ಎಂಜಿನ್ ಆಯಿಲ್ ಬದಲಿಸಿ, ಟ್ಯಾಪೆಟ್ ಸರಿಪಡಿಸಬೇಕು. ಹಳೆಯ ಬುಲೆಟ್ಟಿನ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹೊಸಬರು ಇದನ್ನು ರೂಢಿಸಿಕೊಂಡ ಮೇಲೆಯೇ ರಸ್ತೆಗೆ ಇಳಿಯತಕ್ಕದ್ದು. ಜಾವಾ 250 ಎರಡು ಸ್ಟ್ರೋಕಿನದು. ಕಿಕ್ ಹೊಡೆಯುವ ಸನ್ನೆಯೇ ಗೇರಿನ ಸನ್ನೆಯೂ ಆಗುವುದು ಅದರ ವೈಶಿಷ್ಟ್ಯ. ವಾಲ್ವುಗಳ ಗೋಜಿಲ್ಲ, ಆದರೆ ಪೆಟ್ರೋಲಿಗೆ ತಪ್ಪದೆ ಎಣ್ಣೆ ಬೆರೆಸಬೇಕು, ಅದರ ಎರಡು ಸೈಲೆನ್ಸರುಗಳಲ್ಲಿ ಕಟ್ಟುವ ಮಸಿಯನ್ನು ತೆಗೆಸುತ್ತಿರಬೇಕು. ಎಣ್ಣೆ ಮರೆತು ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುವುದು ನಿಶ್ಚಿತ.

ಹಾಗಾದರೆ ಯಾವುದು ಮೇಲು? ಆಗಾಗ ದೂರ ಓಡಿಸುವ ಮನಸ್ಸಿದ್ದವರಿಗೆ ಬುಲೆಟ್ ಒಳ್ಳೆಯದು. ನಮ್ಮ ಜಿಲ್ಲೆಯ ದುಡಿಮೆಯ ನೆನಪನ್ನು ಮನೆಯಲ್ಲಿ ಉಳಿಸಿಕೊಳ್ಳಬೇಕೆನ್ನುವವರಿಗೆ ಜಾವಾಕ್ಕೆ ಸಾಟಿಯಿಲ್ಲ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ–ಯೆಜ್ಡಿ ದಿನವನ್ನು ಆಚರಿಸುವ ಅಭಿಮಾನಿಗಳೇ ಇದಕ್ಕೆ ಸಾಕ್ಷಿ.

ಕೊಳ್ಳುವವರಾಗಲಿ ಉಳಿಸಿಕೊಳ್ಳುವವರಾಗಲಿ ಬಣ್ಣಕ್ಕೆ ಮರುಳಾಗಬಾರದು. ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಆರ್.ಸಿ. ಪುಸ್ತಕದೊಡನೆ ತಾಳೆಯಾಗುತ್ತವೆಯೇ ಎಂಬುದನ್ನು ಮೊದಲು ನೋಡಬೇಕು. ಯಜಮಾನರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ವರ್ಗಾವಣೆ ಮಾಡಿಸಬೇಕು. 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ 2021ರ ಕೇಂದ್ರ ನಿಯಮಗಳಂತೆ ವಿಂಟೇಜ್ ನೋಂದಣಿಯ ಅವಕಾಶವಿದೆ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಬಹುಕಾಲ ನಿಂತ ಬೈಕಿಗೆ ಆತುರದಿಂದ ಕಿಕ್ ಹೊಡೆಯಬೇಡಿ. ಟ್ಯಾಂಕಿನ ಹಳೆಯ ಪೆಟ್ರೋಲನ್ನು ಚೆಲ್ಲಿಸಿ, ತುಕ್ಕು ತೊಳೆಸಿ, ಕಾರ್ಬುರೇಟರ್ ಬಿಚ್ಚಿಸಿ ನೋಡಿಸಿ. ಹಳೆಯ ಕೈಯ ಮೆಕ್ಯಾನಿಕ್ಕು ಕೆಲಸ ಮಾಡುವಾಗ ಮನೆಯ ಹುಡುಗನೊಬ್ಬನನ್ನು ಪಕ್ಕದಲ್ಲಿ ಕೂರಿಸಿ. ಬೈಕಿನೊಡನೆ ಅದರ ವಿದ್ಯೆಯೂ ಮುಂದಿನ ತಲೆಮಾರಿಗೆ ಸಂದರೆ ಮಾತ್ರ ಹಿರಿಯರ ಸ್ವತ್ತು ನಿಜವಾಗಿ ಉಳಿದಂತೆ.